ಹಲ್ಲಿಲ್ಲದ ಎಮ್ಮೆಯ ದಾನ

ಕಳೆದ ಭಾನುವಾರ ನಮ್ಮ ಸೊಸೈಟಿಯ ಕ್ಲಬ್‌ಹೌಸಿನಲ್ಲಿ ಚೆನ್ನಾಗಿ ಬೈಸಿಕೊಂಡೆ. ಬೈದವರು ಒಳ್ಳೆಯವರೇ. ಲೇಹ್‌ನ ಮಕ್ಕಳಿಗೆ ಕೊಡಲೆಂದು ಹಳೆಯ ಐಸ್ ಹಾಕಿ ಸ್ಕೇಟುಗಳನ್ನು ಕೂಡಿಹಾಕಿದ್ದರು. ಇಲ್ಲಿನ ರಿಂಕಿನಲ್ಲಿ ಆಡುತ್ತಿದ್ದ ಮಕ್ಕಳ ಕಾಲು ಬೆಳೆದು ಬಿಟ್ಟವು ಕೆಲವು, ಕೆನಡಾದಿಂದ ರಜೆಗೆ ಬಂದ ಮೊಮ್ಮಕ್ಕಳು ಬಿಟ್ಟುಹೋದವು ಕೆಲವು. ಒಟ್ಟು 40 ಜೊತೆ. ಮೇಜಿನ ಮೇಲೆ ಜೋಡಿಸಿ, ಬ್ಯಾನರ್ ಕಟ್ಟಿ, ಫೋಟೋ ತೆಗೆಯುವ ಸಂಭ್ರಮ.

ನಾನು ಮಾಡಿದ ತಪ್ಪು ಇಷ್ಟೇ. ಒಂದೊಂದನ್ನೇ ಎತ್ತಿ ತಲೆಕೆಳಗು ಮಾಡಿ ನೋಡಿದೆ. ಕೆಲವು ಜೊತೆಗಳ ಅಲಗಿಗೆ ತುಕ್ಕು ಹಿಡಿದು ಗುಳಿ ಬಿದ್ದಿತ್ತು. ಕೆಲವುಗಳ ಉಕ್ಕು ಸವೆದು ಸವೆದು ಪ್ಲಾಸ್ಟಿಕ್ಕಿಗೆ ತಾಗುವಂತಿತ್ತು. ಒಂದು ಜೊತೆಯ ಎಡಗಾಲಿನದಕ್ಕೆ ಅಲಗೇ ಇರಲಿಲ್ಲ! "ಇವನ್ನು ಹೀಗೇ ಕಳಿಸ್ತೀರಾ?" ಅಂದೆ. ನಮ್ಮ ಧಾರವಾಡದ ಗೆಳೆಯರೇ ಮೊದಲು ಸಿಡಿದರು. "ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸೋದು ಬಿಡ್ರಿ ಸಾಹೇಬ್ರ. ಎಲ್ಲಾದ್ರಾಗೂ ಆಡಿಟ್ ಮಾಡ್ತೀರಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕು ಸುಮ್ಮನಾದೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ. ಹಲ್ಲು ಎಣಿಸಬಾರದು, ಒಪ್ಪಿದೆ. ಆದರೆ ಹಲ್ಲೇ ಇಲ್ಲದ ಎಮ್ಮೆ ಮೇಯುವುದು ಹೇಗೆ? ಸ್ಕೇಟಿಗೆ ಅಲಗೇ ಹಲ್ಲು. ಉಳಿದದ್ದೆಲ್ಲ ಬರೀ ಬೂಟು.

ನನಗೆ ಈ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಬಿ.ಕಾಂ. ಓದಿ ಬ್ಯಾಂಕು ಸೇರಿ, ಮೂವತ್ತು ವರ್ಷದಿಂದ ದಿಲ್ಲಿಯ ಕಡೆ ಅನ್ನ ತಿನ್ನುತ್ತಿರುವ ನಾನು ಆಟಗಾರನಲ್ಲ. ಐಸ್ ಮೇಲೆ ಎರಡು ಸಲ ನಿಂತಿದ್ದೇನೆ, ಮೂರು ಸಲ ಬಿದ್ದಿದ್ದೇನೆ. ಆದರೆ 2016ರಿಂದ ಎರಡು ವರ್ಷ ಲೇಹ್ ಶಾಖೆಯಲ್ಲಿದ್ದೆ. ಸುಮಾರು 3500 ಮೀಟರ್ ಎತ್ತರದ ಊರು. ಚಳಿಗಾಲದ ಸಂಜೆ ಬೇರೇನೂ ಕೆಲಸವಿಲ್ಲದೆ ಕರ್ಜೂ ಕೊಳದ ಪಕ್ಕ ನಿಂತು ಆಟ ನೋಡುತ್ತಿದ್ದೆ. ಹಳಬರು ಹೇಳುತ್ತಿದ್ದರು, ಮೊದಮೊದಲು ಮಿಲಿಟರಿ ಬೂಟಿನ ಅಡಿಗೆ ಕಬ್ಬಿಣದ ಪಟ್ಟಿ ಬಿಗಿದು ಆಡುತ್ತಿದ್ದರಂತೆ. ಅಂಥ ಊರಿನ ಹುಡುಗಿಯರೇ ಹೆಚ್ಚಾಗಿದ್ದ ನಮ್ಮ ಮಹಿಳಾ ತಂಡ 2016ರಲ್ಲಿ ಮೊದಲ ಬಾರಿಗೆ ತೈಪೆಯಲ್ಲಿ ಅಂತರರಾಷ್ಟ್ರೀಯ ಪಂದ್ಯ ಆಡಿತು, 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪೀನ್ಸ್ ವಿರುದ್ಧ ಮೊದಲ ಗೆಲುವು ಕಂಡಿತು. 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚನ್ನೂ ತಂದಿತು.

ನಮ್ಮ ಶಾಖೆಗೆ ತಾಯಿಯ ಜೊತೆ ಬರುತ್ತಿದ್ದ ಒಬ್ಬ ಹುಡುಗಿ ಇದ್ದಳು, ಹದಿಮೂರು ವರ್ಷ. ಒಂದು ದಿನ ಕೊಳದ ದಂಡೆಯಲ್ಲಿ ಸುಮ್ಮನೆ ಕೂತಿದ್ದಳು. "ಜುಲೇ! ಯಾಕಮ್ಮಾ ಆಡ್ತಿಲ್ಲ?" ಅಂದೆ. ಬಲಗಾಲಿನ ಅಲಗು ಮುರಿದಿತ್ತು. ಅವಳದು 263ರ ಅಳತೆ. ದಾನ ಬಂದ ಪೆಟ್ಟಿಗೆಯಲ್ಲಿ ಇದ್ದ ಬಿಡಿ ಅಲಗುಗಳೆಲ್ಲ 280, 288. ಅಲ್ಲಿ ಐಸ್ ಇರುವುದೇ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ದಿಲ್ಲಿಯಿಂದ ಅಲಗು ತರಿಸುವಷ್ಟರಲ್ಲಿ ಕೊಳ ಕರಗಿತ್ತು. ಆ ಮಗುವಿನ ಒಂದು ವರ್ಷ ಹೋಯಿತು. ಕೋಣೆಯ ಮೂಲೆಯಲ್ಲಿ ದಾನದ ಸ್ಕೇಟುಗಳು ರಾಶಿ ಬಿದ್ದಿದ್ದವು.

ಅಂದಿನಿಂದ ಈ ವಿಷಯ ಕಲಿತೆ. ನಿಮಗೂ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಹಾಕಿ ಸ್ಕೇಟಿನಲ್ಲಿ ಮೂರು ಭಾಗ. ಬೂಟು, ಅದರಡಿಯ ಪ್ಲಾಸ್ಟಿಕ್ ಹೋಲ್ಡರ್, ಹೋಲ್ಡರಿಗೆ ಸಿಕ್ಕಿಸುವ ಉಕ್ಕಿನ ಅಲಗು. ಕಡಿಮೆ ಬೆಲೆಯ ಕೆಲವನ್ನು ಬಿಟ್ಟರೆ ಅಲಗನ್ನು ಬಿಚ್ಚಿ ಬೇರೆ ಹಾಕಬಹುದು. ಅಂದರೆ ಅಲಗು ಸವೆಯಿತೆಂದು ಬೂಟು ಎಸೆಯಬೇಕಿಲ್ಲ. ಹೊಸ ಅಲಗು ಕೊಳ್ಳುವಾಗ ಬೂಟಿನ ಸೈಜು ನೋಡಿದರೆ ಕೆಟ್ಟಿರಿ. ಹೋಲ್ಡರಿನ ಮೇಲೆ ಮಿಲಿಮೀಟರಿನಲ್ಲಿ ಒತ್ತಿರುವ ಸಂಖ್ಯೆ ನೋಡಬೇಕು. ಸಂಖ್ಯೆ ಒಂದೇ ಇದ್ದರೂ ಬಾವರ್ ಕಂಪನಿಯ 280, ಸಿಸಿಎಂ ಕಂಪನಿಯ 280ಕ್ಕೆ ಕೂರುವುದಿಲ್ಲ. ಒಂದೇ ಕಂಪನಿಯಲ್ಲೂ ಬೋಲ್ಟು ಹಾಕಿ ಬಿಗಿಯುವ ಹಳೇ ಹೋಲ್ಡರಿನ ಅಲಗು, ಗುಂಡಿ ಒತ್ತಿ ತೆಗೆಯುವ ಹೊಸದಕ್ಕೆ ಆಗುವುದಿಲ್ಲ. ಬದಲಾಯಿಸುವಾಗ ಎರಡೂ ಕಾಲಿನದನ್ನು ಒಟ್ಟಿಗೇ ಬದಲಾಯಿಸಬೇಕು. ಒಂದು ಹೊಸದು ಒಂದು ಸವೆದದ್ದು ಇದ್ದರೆ ಒಂದು ಕಾಲು ಎತ್ತರ, ಒಂದು ಕಾಲು ತಗ್ಗು.

ಇನ್ನು ಸಾಣೆ. ನಮ್ಮಮ್ಮನ ಈಳಿಗೆಮಣೆಗೆ ಒಂದೇ ಅಂಚು, ಬೀದಿಯಲ್ಲಿ ಬರುವ ಸಾಣೆಯವನು ಸಾಕು. ಸ್ಕೇಟಿನ ಅಲಗು ಸುಮಾರು 3 ಮಿಲಿಮೀಟರ್ ದಪ್ಪ, ಅದಕ್ಕೆ ಎರಡು ಅಂಚು. ನಡುವೆ ಉದ್ದಕ್ಕೂ ಒಂದು ಸಣ್ಣ ತೋಡು. ಆ ತೋಡಿನ ವೃತ್ತದ ತ್ರಿಜ್ಯ ಸಾಮಾನ್ಯವಾಗಿ 1/2 ಇಂಚು. ತ್ರಿಜ್ಯ ಕಡಿಮೆಯಾದಷ್ಟೂ ತೋಡು ಆಳ, ಐಸಿಗೆ ಕಚ್ಚುವುದು ಹೆಚ್ಚು. 5/8 ಇಂಚಿನಂತೆ ಹೆಚ್ಚಾದರೆ ಜಾರುವುದು ಹೆಚ್ಚು. ಭಾರದ ಆಟಗಾರನಿಗೆ ಒಂದು, ಗಡುಸು ಐಸಿನ ಮೇಲೆ ಆಡುವ ಹಗುರ ಹುಡುಗಿಗೆ ಇನ್ನೊಂದು. ಇದನ್ನು ಗೇಟು ಗ್ರಿಲ್ಲು ಮಾಡುವವನ ಗ್ರೈಂಡರಿಗೆ ಕೊಟ್ಟರೆ ತೋಡು ಅಳಿಸಿ ಚಪ್ಪಟೆ ಮಾಡುತ್ತಾನೆ. ಉಕ್ಕು ಕಾದು ನೀಲಿಯಾಗಿ ಹದ ಕೆಡುತ್ತದೆ. ಮುಂದೆ ಹಿಂದೆ ಇರುವ ಬಾಗು ಹಾಳಾಗುತ್ತದೆ. ಆಮೇಲೆ ಮಗು ತಿರುಗಲು ಹೋದರೆ ಕಾಲು ನಿಲ್ಲುವುದಿಲ್ಲ, ಬೀಳುತ್ತದೆ. ನಾವು "ಪಾಪ, ಇನ್ನೂ ಕಲೀಬೇಕು" ಅನ್ನುತ್ತೇವೆ! ಲೇಹ್‌ನಂಥ ಬಯಲಿನ ಐಸಿನಲ್ಲಿ ಗಾಳಿ ತಂದ ಮರಳು ಬೇರೆ. ಅಲಗು ಬೇಗ ಮೊಂಡಾಗುತ್ತದೆ. ಅಲ್ಲಿಗೆ ಸಾಣೆ ಹೆಚ್ಚು ಬೇಕು, ನಾವು ಕಳಿಸುವುದು ಬೂಟು.

ಕಾಪಾಡುವುದಕ್ಕೆ ಖರ್ಚೇ ಇಲ್ಲ. ಆಟ ಮುಗಿದ ಕೂಡಲೇ ಒಣಬಟ್ಟೆಯಲ್ಲಿ ಒರೆಸಬೇಕು. ಗಟ್ಟಿ ಪ್ಲಾಸ್ಟಿಕ್ ಕವಚ ನಡೆಯುವುದಕ್ಕೆ ಮಾತ್ರ. ಅದನ್ನೇ ಹಾಕಿ ಇಟ್ಟರೆ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಎತ್ತಿಡುವಾಗ ಬಟ್ಟೆಯ ಚೀಲ. ಬೋಲ್ಟು ಸಡಿಲವಾಗಿದೆಯೇ ಅಂತ ಕೈಯಲ್ಲಿ ಅಲ್ಲಾಡಿಸಿ ನೋಡಬೇಕು. ಗುಳಿ ಬಿದ್ದ ತುಕ್ಕು, ಬಿರುಕು, ಬಾಗಿದ ಉಕ್ಕು, ಸಾಣೆ ಯಂತ್ರದ ಹಿಡಿತಕ್ಕೆ ಸಿಗದಷ್ಟು ಸವೆದದ್ದು, ಇಷ್ಟರಲ್ಲಿ ಒಂದು ಕಂಡರೂ ಆ ಅಲಗಿನ ಆಯಸ್ಸು ಮುಗಿಯಿತು.

ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ನಮ್ಮ ಜನಕ್ಕೆ ಬಂಡವಾಳ ವೆಚ್ಚದ ಮೇಲೆ ಪ್ರೀತಿ, ರಿಪೇರಿ ಮತ್ತು ನಿರ್ವಹಣೆಯ ಖಾತೆಯ ಮೇಲೆ ತಾತ್ಸಾರ. ಬಂಡವಾಳಕ್ಕೆ ರಿಬ್ಬನ್ ಕತ್ತರಿಸಬಹುದು, ಸಾಣೆಗೆ ಯಾರು ರಿಬ್ಬನ್ ಕಟ್ಟುತ್ತಾರೆ? 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಡೆಹ್ರಾಡೂನಿನಲ್ಲಿ ದೊಡ್ಡ ಐಸ್ ರಿಂಕ್ ಕಟ್ಟಿದರು. ಕೂಟ ಮುಗಿದ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಪಾಳು ಬಿದ್ದು, ಮತ್ತೆ ತೆರೆದದ್ದು 2025ರಲ್ಲಿ. ಸರ್ಕಾರವನ್ನು ಬೈಯುವುದು ಸುಲಭ. ನಮ್ಮ ಕನ್ನಡ ಸಂಘದ ಬೀರುವಿನಲ್ಲಿ ದಾನ ಬಂದ ಎರಡು ಹಾರ್ಮೋನಿಯಂ ಇವೆ, ಎರಡರ ತಿದಿಯೂ ಹರಿದಿದೆ. ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಬಾಡಿಗೆಗೆ ಮೂರನೆಯದು ತರುತ್ತೇವೆ!

"ಏನೂ ಕೊಡದವರಿಗಿಂತ ಹಳೇದು ಕೊಡೋರು ವಾಸಿ ಅಲ್ವಾ?" ಅಂತ ನನ್ನ ಹೆಂಡತಿಯೇ ಕೇಳಿದಳು. ವಾಸಿ ಹೌದು, ಕೊಟ್ಟದ್ದು ಕೆಲಸಕ್ಕೆ ಬಂದರೆ. ಬಾರದಿದ್ದರೆ ನಮ್ಮ ಮನೆಯ ಅಟ್ಟದ ಕಸವನ್ನು ಇನ್ನೊಬ್ಬರ ಅಟ್ಟಕ್ಕೆ ಸಾಗಿಸಿ, ಮೇಲೆ ಪುಣ್ಯದ ರಸೀತಿ ಬೇರೆ ಕೇಳಿದಂತೆ.

ಹಾಗಾದರೆ ಏನು ಮಾಡಬೇಕು? ಮೊದಲು ಅಲ್ಲಿಯ ತರಬೇತುದಾರರನ್ನು ಯಾವ ಹೋಲ್ಡರು, ಯಾವ ಅಳತೆ ಬೇಕು ಅಂತ ಕೇಳಬೇಕು. ಪ್ರತಿ ಜೊತೆಗೆ ಚೀಟಿ ಕಟ್ಟಿ ಕಂಪನಿ, ಮಿಲಿಮೀಟರು ಬರೆಯಬೇಕು. ಅಲಗು ಸತ್ತಿದ್ದರೆ ಹೊಸದು ಹಾಕಿ, ಸಾಣೆ ಹಿಡಿಸಿ ಕಳಿಸಬೇಕು. ಹತ್ತು ಜೊತೆ ಕಡಿಮೆಯಾದರೂ ಸರಿ, ಆ ದುಡ್ಡಿಗೆ ಚಂದಾ ಸೇರಿಸಿ ಮೇಜಿನ ಮೇಲಿಡುವ ಸಾಣೆ ಯಂತ್ರ ಒಂದು, ಅದರ ಬಿಡಿ ಚಕ್ರಗಳು, ಸಣ್ಣ ಅಳತೆಯ ಅಲಗುಗಳು ಕೊಡಬೇಕು. ಅದನ್ನು ನಡೆಸಲು ಅಲ್ಲಿಯ ಒಬ್ಬ ಹುಡುಗನಿಗೋ ಹುಡುಗಿಗೋ ಕಲಿಸಬೇಕು.

ಸೋಮವಾರ ಧಾರವಾಡದ ಗೆಳೆಯರಿಗೆ ಫೋನ್ ಮಾಡಿ ಇಷ್ಟೂ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "263 ಅಂದ್ರಲ್ಲ, ಅದನ್ನ ಎಲ್ಲಿ ಬರ್ದಿರ್ತಾರ್ರೀ?" ಅಂದರು. ಬರುವ ಭಾನುವಾರ ಇಬ್ಬರೂ ಕೂತು ನಲವತ್ತನ್ನೂ ತಲೆಕೆಳಗು ಮಾಡಿ ಬರೆಯಲಿದ್ದೇವೆ. ಬ್ಯಾನರ್ ಇರುವುದಿಲ್ಲ. ಚಹಾ ಇರುತ್ತದೆ, ಬರುವವರು ಬರಬಹುದು.

ನಿಮ್ಮ ಅಟ್ಟದಲ್ಲೂ ಇಂಥದ್ದೇನಾದರೂ ದಾನಕ್ಕೆಂದು ಕಾದಿದೆಯೇ? ಕೊಡುವ ಮೊದಲು ಒಮ್ಮೆ ತಲೆಕೆಳಗು ಮಾಡಿ ನೋಡಿ. ನೀವೇನಂತೀರಿ?