ತಂತಿಯ ಬಣ್ಣವೂ ಗೃಹಸ್ಥನ ಎಚ್ಚರವೂ

ಸಂಸ್ಕೃತದಲ್ಲಿ ವರ್ಣವೆಂಬ ಶಬ್ದಕ್ಕೆ ಬಣ್ಣವೆಂದೂ ಅಕ್ಷರವೆಂದೂ ಎರಡು ಅರ್ಥಗಳುಂಟು. ಗೋಡೆಯೊಳಗಿನ ವಿದ್ಯುತ್ತಿನ ತಂತಿಗಳ ವಿಷಯದಲ್ಲಿ ಈ ಎರಡರ್ಥಗಳೂ ಒಂದಾಗುತ್ತವೆ. ಅಲ್ಲಿ ಬಣ್ಣವೇ ಅಕ್ಷರ. ಮಸ್ಕಿಯ ಬಂಡೆಯ ಮೇಲಿನ ಬ್ರಾಹ್ಮೀ ಶಾಸನವು 1915ರಲ್ಲಿ ಬೆಳಕಿಗೆ ಬಂದು, ಓದಬಲ್ಲವರು ಅದನ್ನು ಓದಿದ ಮೇಲೆ, ದೇವಾನಾಂಪ್ರಿಯನೆಂಬ ದೊರೆಯು ಅಶೋಕನೇ ಎಂಬುದು ಸ್ಥಿರಪಟ್ಟಿತು. ಶಾಸನದ ಅಕ್ಷರವನ್ನು ತಪ್ಪಾಗಿ ಓದಿದರೆ ಪಂಡಿತರಲ್ಲಿ ವಾದ ಹುಟ್ಟೀತು. ತಂತಿಯ ಅಕ್ಷರವನ್ನು ತಪ್ಪಾಗಿ ಓದಿದರೆ ಪ್ರಾಣವೇ ಹೋದೀತು. ಆದಕಾರಣ, ಕೆಟ್ಟುಹೋದ ಸಾಕೆಟ್ಟನ್ನು ಬದಲಾಯಿಸುವಾಗ ಕಾಣಬರುವ ಮೂರು ತಂತಿಗಳ ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಮನೆಗೆ ಬರುವ ವಿದ್ಯುತ್ತಿನ ಒತ್ತಡವು 230 ವೋಲ್ಟು. ಅದನ್ನು ಹೊತ್ತು ತರುವ ತಂತಿ ಫೇಸು; ಮರಳಿ ಒಯ್ಯುವ ತಂತಿ ನ್ಯೂಟ್ರಲು. ಮೂರನೆಯದು ಭೂಸಂಪರ್ಕದ ತಂತಿ. ಇದನ್ನೇ ಜನರು ಅರ್ಥಿಂಗ್ ಎನ್ನುವರು. ಮೊದಲಿನವೆರಡೂ ನಿತ್ಯ ದುಡಿಯತಕ್ಕವು. ಮೂರನೆಯದು ಸುಮ್ಮನಿರುವಂತೆ ತೋರಿದರೂ, ಇಸ್ತ್ರಿಪೆಟ್ಟಿಗೆಯ ಅಥವಾ ನೀರು ಕಾಯಿಸುವ ಪಾತ್ರೆಯ ಲೋಹದ ಮೈಗೆ ವಿದ್ಯುತ್ತು ತಗುಲಿದ ದಿನ ಅದನ್ನು ನೆಲಕ್ಕಿಳಿಸಿ ಮನೆಯವರನ್ನು ಕಾಯತಕ್ಕದ್ದು ಅದೇ. ನಮ್ಮ ದೇಶದ ಬಹುಕಾಲದ ಪದ್ಧತಿಯಂತೆ ಗೋಡೆಯೊಳಗೆ ಫೇಸು ಕೆಂಪು, ನ್ಯೂಟ್ರಲು ಕಪ್ಪು, ಭೂಸಂಪರ್ಕ ಹಸುರು.

ಇಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ಆದರೆ ಅಂಗಡಿಯಿಂದ ತಂದ ಯಂತ್ರದ ಬಾಲದಲ್ಲಿ ಬೇರೆ ವರ್ಣಮಾಲೆ ಇರುತ್ತದೆ: ಅಲ್ಲಿ ಕಂದು ಫೇಸು, ನೀಲಿ ನ್ಯೂಟ್ರಲು, ಹಸುರು-ಹಳದಿ ಪಟ್ಟೆಯದು ಭೂಸಂಪರ್ಕ. ಕೆಂಪು ಹಸುರುಗಳ ಭೇದ ಕಾಣದ ಕಣ್ಣಿಗೂ ತಿಳಿಯುವಂತೆ ಈ ಎರಡು ಬಣ್ಣದ ಪಟ್ಟೆಯಿದೆ. ಬ್ರಿಟನ್ನಿನವರು ಗೋಡೆಯೊಳಗಿನ ಕೆಂಪು ಕಪ್ಪುಗಳನ್ನೂ ಬಿಟ್ಟು 2004ರಿಂದ ಕಂದು ನೀಲಿಗಳನ್ನು ಅಂಗೀಕರಿಸಿದರು. ಅಮೆರಿಕೆಯ ಮನೆಗಳಲ್ಲಾದರೋ ಕಪ್ಪೇ ಫೇಸು, ಬಿಳಿಯು ನ್ಯೂಟ್ರಲು. ನಮ್ಮಲ್ಲಿ ಮರಳಿ ಹೋಗುವ ತಂತಿಯ ಬಣ್ಣವು ಅಲ್ಲಿ ಕೊಲ್ಲುವ ತಂತಿಯ ಬಣ್ಣ!

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಸಿಂಧನೂರಿನ ಸೀಮೆಯಲ್ಲಿ ಅಕ್ಕಿಯ ಗಿರಣಿಗಳಿಗೂ, ಲಿಂಗಸುಗೂರಿನ ಕಡೆಯ ತೋಟದ ಪಂಪುಗಳಿಗೂ ಮೂರು ಫೇಸಿನ ವಿದ್ಯುತ್ತು ಬೇಕು. ಆ ಮೂರರ ಬಣ್ಣಗಳು ಕೆಂಪು, ಹಳದಿ, ನೀಲಿ. ಗಿರಣಿಯಲ್ಲಿ ನೀಲಿಯೆಂದರೆ ಫೇಸು. ಅದೇ ನೀಲಿ ಅಡಿಗೆಮನೆಯ ಮಿಕ್ಸರಿನ ಬಾಲದಲ್ಲಿ ನ್ಯೂಟ್ರಲು. ಗಿರಣಿಯಲ್ಲಿ ಮಿಕ್ಕ ತಂತಿಯ ಸುರುಳಿಯನ್ನು ಮನೆಗೆ ತಂದು ಎಳೆದರೆ ಯಾವ ನೀಲಿ ಯಾವುದೆಂದು ಗೋಡೆ ಹೇಳೀತೆ?

ತರ್ಕಶಾಸ್ತ್ರದಲ್ಲಿ ಶಬ್ದಪ್ರಮಾಣವೆಂಬುದೊಂದುಂಟು. ಆಡಿದವನು ಆಪ್ತನಾದರೆ ಮಾತ್ರ ಮಾತು ಪ್ರಮಾಣ. ತಂತಿಯ ಬಣ್ಣವೂ ಅಂಥ ಮಾತೇ; ಹಿಂದೆ ಅದನ್ನು ಎಳೆದವನು ಆಡಿಹೋದ ಮಾತು. ಅವನು ಬಲ್ಲವನಾಗಿದ್ದನೋ, ಕೆಂಪು ತೀರಿಹೋದಾಗ ಕೈಗೆ ಸಿಕ್ಕಿದ್ದನ್ನು ಹಾಕಿದನೋ, ಯಾರು ಬಲ್ಲರು? ಆದುದರಿಂದ ಬಣ್ಣವನ್ನು ಕೇಳಬೇಕು, ಆದರೆ ಪ್ರತ್ಯಕ್ಷದಿಂದ ಪರೀಕ್ಷಿಸದೆ ನಂಬಬಾರದು.

ಪರೀಕ್ಷೆಯ ಕ್ರಮ ಹೀಗಿದೆ. ಮೊದಲು ಮೇನ್ ಸ್ವಿಚ್ಚನ್ನು ಆರಿಸಿ, ಫ್ಯೂಸು ಇದ್ದರೆ ಕಿತ್ತು ಜೇಬಿನಲ್ಲಿಟ್ಟುಕೊಳ್ಳತಕ್ಕದ್ದು. ಇನ್ವರ್ಟರು ಇರುವ ಮನೆಯಲ್ಲಿ ಅದನ್ನೂ ಆರಿಸಬೇಕು. ಬೀದಿಯ ವಿದ್ಯುತ್ತು ನಿಂತರೂ ಅದು ತಂತಿಗೆ ಜೀವ ಕೊಡುತ್ತಲೇ ಇರುವುದು. ಟೆಸ್ಟರು ಸರಿಯಿದೆಯೆ ಎಂಬುದನ್ನು ವಿದ್ಯುತ್ತು ಇರುವಾಗಲೇ ಬೇರೊಂದು ಸಾಕೆಟ್ಟಿನಲ್ಲಿ ನೋಡಿಕೊಂಡು, ಆರಿಸಿದ ಮೇಲೆ ಕೆಲಸದ ಜಾಗದ ಮೂರು ತಂತಿಗಳಿಗೂ ಮುಟ್ಟಿಸಬೇಕು. ಹಳೆಯ ಸಾಕೆಟ್ಟನ್ನು ಬಿಚ್ಚುವ ಮುನ್ನ ಯಾವ ತಂತಿ ಎಲ್ಲಿತ್ತೆಂದು ಬರೆದಿಡುವುದು ಲೇಸು. ಸಾಕೆಟ್ಟಿನ ಮುಂದೆ ನಿಂತು ನೋಡಿದರೆ ಮೇಲಿನ ದೊಡ್ಡ ರಂಧ್ರ ಭೂಸಂಪರ್ಕಕ್ಕೆ, ಬಲಗಡೆಯದು ಫೇಸಿಗೆ, ಎಡಗಡೆಯದು ನ್ಯೂಟ್ರಲಿಗೆ. ಹಿಂದುಮುಂದಾಗಿ ತಿರುಗಿಸಿ ಹಿಡಿದಾಗ ಎಡ ಬಲಗಳು ಅದಲುಬದಲಾಗುವುದರಿಂದ, ಅಲ್ಲಿ ಅಚ್ಚೊತ್ತಿರುವ ಎಲ್, ಎನ್, ಇ ಎಂಬ ಗುರುತುಗಳನ್ನೇ ಅನುಸರಿಸತಕ್ಕದ್ದು: ಎಲ್ ಫೇಸಿಗೆ, ಎನ್ ನ್ಯೂಟ್ರಲಿಗೆ, ಇ ಭೂಸಂಪರ್ಕಕ್ಕೆ. ಸ್ವಿಚ್ಚು ಫೇಸಿನ ದಾರಿಯಲ್ಲಿಯೇ ಇರಬೇಕು. ನ್ಯೂಟ್ರಲಿನ ದಾರಿಯಲ್ಲಿದ್ದರೆ ಯಂತ್ರ ನಿಂತರೂ ಅದರೊಳಗೆ ವಿದ್ಯುತ್ತು ಹೊಂಚುಹಾಕಿ ಕುಳಿತಿರುತ್ತದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ವಿದ್ಯುತ್ತು ಇರುವಾಗ ಟೆಸ್ಟರು ಫೇಸನ್ನು ತೋರಿಸೀತು. ಆದರೆ ನ್ಯೂಟ್ರಲು, ಭೂಸಂಪರ್ಕ ಇವೆರಡರಲ್ಲಿಯೂ ಅದು ಬೆಳಗದಿರುವುದರಿಂದ ಅವುಗಳ ಭೇದವನ್ನು ಹೇಳಲಾರದು. ಸಂಶಯವಿದ್ದಲ್ಲಿ ಬಲ್ಲ ವೈರ್‌ಮನ್ನನನ್ನೇ ಕರೆಯಬೇಕು. ಹಸುರು ತಂತಿ ಇಲ್ಲದ ಹಳೆಯ ಮನೆಗಳಲ್ಲಿ ಕೆಲವರು ಸಾಕೆಟ್ಟಿನೊಳಗೆ ನ್ಯೂಟ್ರಲಿನಿಂದಲೇ ಒಂದು ತುಂಡು ಎಳೆದು ಮೇಲಿನ ರಂಧ್ರಕ್ಕೆ ಸೇರಿಸುವರು. ಇದು ಮಹಾಪಾಯ. ನ್ಯೂಟ್ರಲು ಎಲ್ಲಿಯಾದರೂ ತುಂಡಾಯಿತೋ, ಆ ಕ್ಷಣವೇ ಯಂತ್ರದ ಲೋಹದ ಮೈಗೆಲ್ಲ 230 ವೋಲ್ಟು ಏರುವುದು. ಮುಟ್ಟುವವರು ಗೃಹಿಣಿಯೋ ಮಗುವೋ ಆಗಿರಬಹುದು.

ಹಸುರು ತಂತಿ ಇದ್ದರೂ ಸಾಲದು, ಅದರ ಕೊನೆ ಮುಟ್ಟುವ ನೆಲವೂ ಸರಿಯಿರಬೇಕು. ನಮ್ಮ ಎರೆಭೂಮಿಯು ಬೇಸಗೆಯಲ್ಲಿ ಒಣಗಿ ಬಿರಿಯುತ್ತದೆ. ಒಣಮಣ್ಣು ವಿದ್ಯುತ್ತನ್ನು ಚೆನ್ನಾಗಿ ಒಯ್ಯಲಾರದು. ಅರ್ಥಿಂಗಿನ ಗುಂಡಿಗೆ ಇದ್ದಲು ಉಪ್ಪು ಹಾಕುವುದೂ, ಬೇಸಗೆಯಲ್ಲಿ ನೀರೆರೆಯುವುದೂ ಇದಕ್ಕಾಗಿಯೇ. ಇದರ ಜತೆಗೆ 30 ಮಿಲಿಆಂಪಿಯರ್ ಸೋರಿದರೂ ಕಡಿದುಬೀಳುವ ಆರ್‌ಸಿಸಿಬಿ ಎಂಬ ಸ್ವಿಚ್ಚನ್ನು ಹಾಕಿಸುವುದು ಬುದ್ಧಿವಂತಿಕೆ. 6 ಆಂಪಿಯರಿನ ಫ್ಯೂಸೆಂದರೆ ಅದಕ್ಕೆ ಇನ್ನೂರು ಪಟ್ಟು. ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಹಳೆಯ ಸಾಕೆಟ್ಟನ್ನು ತೆಗೆದು ಅಂಥದೇ ಹೊಸದನ್ನು ಕೂಡಿಸುವುದು ಬೇರೆ. ಹೊಸ ತಂತಿ ಎಳೆಯುವುದು ಬೇರೆ. ಎರಡನೆಯದನ್ನು ಸರಕಾರದ ಅನುಮತಿಪತ್ರವಿರುವವರಿಂದಲೇ ಮಾಡಿಸತಕ್ಕದ್ದು. ಹಾಗೆ ಮಾಡಿಸುವಾಗ ಗೃಹಸ್ಥನು ಹತ್ತಿರ ನಿಂತು, ಕೆಂಪು, ಕಪ್ಪು, ಹಸುರು ಮೂರನ್ನೂ ಸರಿಯಾಗಿ ಹಾಕಿಸಲಿ. ಹಸುರನ್ನು ಬೇರೆ ಯಾವ ಕೆಲಸಕ್ಕೂ ಬಳಸಗೊಡದಿರಲಿ. ಮುಂದೆ ಎಂದೋ ಆ ಬೋರ್ಡನ್ನು ಬಿಚ್ಚುವ ಕೈ ನಮ್ಮ ಮೊಮ್ಮಗನದಾಗಿರಬಹುದು. ಅವನಿಗೆ ನಾವು ಗೋಡೆಯೊಳಗೆ ಬರೆದಿಡುವ ಮಾತು ಸುಳ್ಳಾಗದಿರಲಿ.