ಕಾಗೋಡಿನ ಕೊಳಗ ಮತ್ತು ಇಂದಿನ ಭೂಕಾಯ್ದೆ

ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು 2020ರಲ್ಲಿ ರದ್ದಾದವು. ಕೃಷಿಕರಲ್ಲದವರು ಸಾಗುವಳಿ ಭೂಮಿ ಕೊಳ್ಳದಂತೆ ಇದ್ದ ತಡೆ ಅದರೊಂದಿಗೆ ಸರಿಯಿತು. ಈ ಚರ್ಚೆ ಎದ್ದಾಗಲೆಲ್ಲ ನಮಗೆ ಶಾಂತವೇರಿ ಗೋಪಾಲಗೌಡರ ನೆನಪಾಗುತ್ತದೆ.

ತೀರ್ಥಹಳ್ಳಿ ಸೀಮೆಯಲ್ಲಿ 1923ರಲ್ಲಿ ಜನಿಸಿದ ಗೌಡರು ವಿದ್ಯಾರ್ಥಿದೆಸೆಯಲ್ಲಿಯೇ ಸ್ವಾತಂತ್ರ್ಯ ಹೋರಾಟಕ್ಕೆ ಧುಮುಕಿದವರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಎದ್ದು ನಿಂತಾಗ, ಸಮಾಜವಾದಿಗಳನ್ನು ಅವರ ಬೆನ್ನಿಗೆ ನಿಲ್ಲಿಸಿದವರಲ್ಲಿ ಗೌಡರು ಮೊದಲಿಗರು. ಲೋಹಿಯಾ ಅವರೂ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಜಗಳದ ಮೂಲ ಒಂದು ಕೊಳಗ. ಗೇಣಿಯ ಭತ್ತ ಅಳೆದುಕೊಳ್ಳುವಾಗ ಒಡೆಯರ ಕೊಳಗ ದೊಡ್ಡದಾಗುತ್ತಿತ್ತು.

ಆ ಸೀಮೆಯ ಭೂಒಡೆಯರಲ್ಲಿ ಲಿಂಗಾಯತರೂ ಇದ್ದರೆಂಬುದನ್ನು ನಾವು ಮುಚ್ಚಿಡಲಾಗದು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಕಳುಹಿದ ಆಯ್ದಕ್ಕಿ ಲಕ್ಕಮ್ಮನ ಪರಂಪರೆ ನಮ್ಮದು. ಆ ಪರಂಪರೆಯವರ ಅಂಗಳದಲ್ಲಿ ಕೊಳಗ ಹಿಗ್ಗಿದ್ದು ಹೇಗೆ?

1952ರಲ್ಲಿ ಸಾಗರ-ಹೊಸನಗರದಿಂದ ಗೆದ್ದು ಶಾಸನಸಭೆ ಸೇರಿದಾಗ ಗೌಡರಿಗೆ ಮೂವತ್ತೂ ತುಂಬಿರಲಿಲ್ಲ. 1957ರಲ್ಲಿ ಸೋತರು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯ ಜನ ಅವರನ್ನು ಮರಳಿ ಕಳುಹಿಸಿದರು. ಗೇಣಿದಾರನ ಮಾತು ಅವರ ಬಾಯಲ್ಲಿ ಸದನದ ಮಾತಾಯಿತು, ಅದೂ ಕನ್ನಡದಲ್ಲಿ. ಮಂತ್ರಿಪದವಿ ಅವರ ಬದುಕಿನಲ್ಲಿ ಬರಲಿಲ್ಲ. ಅದರ ಕೊರಗೂ ಅವರನ್ನು ಕಾಡಿದಂತಿಲ್ಲ. 1972ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಉಳುವವನಿಗೆ ಭೂಮಿ ಕೊಟ್ಟ ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂದುದು 1974ರಲ್ಲಿ. ಅದನ್ನು ಕಾಣುವ ಭಾಗ್ಯ ಅವರದಾಗಲಿಲ್ಲ.

ಒಳ್ಳೆಯ ಬೆಲೆಗೆ ಮಾರುವುದು ರೈತನ ಹಕ್ಕೆಂಬ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಸಾಲದಲ್ಲಿ ಮುಳುಗಿದವನಿಗೆ ಉಪದೇಶ ಮಾಡುವುದು ಸುಲಭ. ಆದರೆ ಹೊಲ ಕೊಳ್ಳಲು ನಗರದ ಹಣ ಬಂದಾಗ, ಪಕ್ಕದ ಹೊಲದ ಸಣ್ಣ ರೈತ ಆ ಬೆಲೆಗೆ ಸರಿಸಾಟಿಯಾಗಲಾರ. ಇಂದು ಸದನದಲ್ಲಿ ಅವನ ಪರವಾಗಿ ಲೆಕ್ಕ ಕೇಳುವವರೂ ವಿರಳ.

ಇನ್ನೊಂದು ಸಂಗತಿ ನಮಗೇ ತಟ್ಟುವಂಥದ್ದು. 79ಬಿ ಕಲಮು ಕಂಪನಿಗಳನ್ನಷ್ಟೇ ಅಲ್ಲ, ಧಾರ್ಮಿಕ ಸಂಸ್ಥೆಗಳನ್ನೂ ತಡೆದಿತ್ತು. ಆ ತಡೆ ಹೋದಾಗ ಮಠಗಳಿಂದ ದೊಡ್ಡ ಆಕ್ಷೇಪವೇನೂ ಕೇಳಿಬರಲಿಲ್ಲ. ರೈತಸಂಘಟನೆಗಳು ಅದನ್ನು ಮರಳಿ ತರಬೇಕೆಂದು ಕೇಳುತ್ತಿವೆ. ಆ ಬೇಡಿಕೆಗೆ ನಮ್ಮ ಸಮ್ಮತಿಯಿದೆ. ಮಠಗಳನ್ನು ಅದರಿಂದ ಹೊರಗಿಡಿರೆಂದು ನಾವು ಕೇಳುವುದಿಲ್ಲ.