ಹೊಣೆಗೆ ಅಳುಕುವ ಮನಸ್ಸು

ಹೊರನಾಡ ಕನ್ನಡ ಸಂಘಗಳ ವಾರ್ಷಿಕ ಮಹಾಸಭೆಗಳಲ್ಲಿ ಲೆಕ್ಕಪತ್ರಗಳ ಮಂಡನೆ ಸುಸೂತ್ರವಾಗಿ ಮುಗಿಯುತ್ತದೆ. ಹೊಸ ಕಾರ್ಯದರ್ಶಿಯ ಹೆಸರು ಸೂಚಿಸಬೇಕಾದಾಗ ಮಾತ್ರ ಸಭೆ ಮೌನ ತಾಳುತ್ತದೆ. ಕಚೇರಿಯಲ್ಲಿ ಹತ್ತಾರು ಜನರಿಂದ ಕೆಲಸ ತೆಗೆಯಬಲ್ಲ ತರುಣರೂ, ಮನೆವಾರ್ತೆಯೊಡನೆ ಉದ್ಯೋಗವನ್ನೂ ತೂಗಿಸಿಕೊಂಡು ಬಂದ ಮಹಿಳೆಯರೂ "ಇದು ನಮ್ಮಿಂದಾಗದು, ಹಿರಿಯರೇ ಮುಂದುವರಿಯಲಿ" ಎನ್ನುತ್ತಾರೆ. ಇದನ್ನು ವಿನಯವೆಂದು ಮೆಚ್ಚುವುದು ರೂಢಿ. ವಾಸ್ತವದಲ್ಲಿ ಇದರಲ್ಲಿ ಅಂಜಿಕೆಯ ಪಾಲೇ ಹೆಚ್ಚು. ಮಹಾನಗರದಲ್ಲೇ ಹುಟ್ಟಿ ಬೆಳೆದವರಿಗಂತೂ ವೇದಿಕೆಯ ಮೇಲೆ ತಮ್ಮ ಕನ್ನಡ ತಡವರಿಸೀತೆಂಬ ಸಂಕೋಚ ಬೇರೆ.

ಇಂಥ ಆತ್ಮಶಂಕೆ ಅಸಮರ್ಥರನ್ನಷ್ಟೇ ಕಾಡುವುದಿಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ 1978ರಲ್ಲಿ ಇದನ್ನು ವಿವರಿಸಿದ್ದು ಉನ್ನತ ಸಾಧನೆ ಮಾಡಿದ ಸ್ತ್ರೀಯರನ್ನು ಕುರಿತೇ. ಇದು ರೋಗವೂ ಅಲ್ಲ. ನಾಲ್ಕು ಜನರೆದುರು ನಿಂತಾಗ ಎದೆ ಡವಗುಟ್ಟುವುದು, ನಾಲಗೆ ಒಣಗುವುದು ಸಹಜ ದೇಹಧರ್ಮ. ಆ ಸಂದರ್ಭವನ್ನೇ ತಪ್ಪಿಸಿಕೊಂಡರೆ ತಕ್ಷಣ ಸಮಾಧಾನ ದೊರೆಯುತ್ತದೆ, ನಿಜ. ಆದರೆ ಆ ಸಮಾಧಾನವೇ ಮುಂದಿನ ಬಾರಿಯ ಭಯವನ್ನು ಬಲಪಡಿಸುತ್ತದೆ.

ಸಾಮರ್ಥ್ಯ ಹುಟ್ಟಿನೊಡನೆ ಬಂದು ಅಷ್ಟಕ್ಕೇ ನಿಲ್ಲುವಂಥದ್ದಲ್ಲ, ಅಭ್ಯಾಸದಿಂದ ಬೆಳೆಯತಕ್ಕದ್ದು ಎಂಬ ವಿಚಾರವನ್ನು ಕ್ಯಾರಲ್ ಡ್ವೆಕ್ 2006ರ ತಮ್ಮ ಗ್ರಂಥದಲ್ಲಿ ಪ್ರಚುರಪಡಿಸಿದರು. ಅದನ್ನು ಮಂತ್ರದಂತೆ ಜಪಿಸಿದರೆ ಸಾಲದು. ವಿದ್ಯಾರ್ಥಿಗಳಲ್ಲಿ ನಡೆದ ವಿಸ್ತೃತ ಅಧ್ಯಯನಗಳಲ್ಲಿ ಇಂಥ ಬೋಧನೆಯೊಂದರಿಂದಲೇ ಆದ ಲಾಭ ಅಲ್ಪವೆಂದು ಕಂಡಿದೆ. ನಂಬಿಕೆಗೆ ಕೆಲಸದ ಆಸರೆ ಬೇಕು.

ಇದಕ್ಕೆ ಗಾಂಧೀಜಿಯವರಿಗಿಂತ ಒಳ್ಳೆಯ ನಿದರ್ಶನ ದೊರೆಯದು. 1891ರಲ್ಲಿ ಬ್ಯಾರಿಸ್ಟರಾಗಿ ಲಂಡನ್ನಿನಿಂದ ಮರಳಿದ ಅವರು, ಮುಂಬಯಿಯ ಸಣ್ಣ ದಾವೆಗಳ ನ್ಯಾಯಾಲಯದಲ್ಲಿ ತಮ್ಮ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ತಿರುಗಿ, ಬಾಯಿಂದ ಒಂದು ಪ್ರಶ್ನೆಯೂ ಹೊರಡಲಿಲ್ಲ. ಕುಳಿತುಬಿಟ್ಟರು, ಪಡೆದಿದ್ದ 30 ರೂಪಾಯಿ ಶುಲ್ಕವನ್ನು ಹಿಂದಿರುಗಿಸಿದರು. 1893ರಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ ಮೇಲೆ ಪ್ರಿಟೋರಿಯದಲ್ಲಿ ನೆರೆದ ಸಣ್ಣ ಭಾರತೀಯ ಸಭೆಯೆದುರು ಮಾತನಾಡಿದರು. ಮನೆಬಿಟ್ಟು ಬಂದ ವ್ಯಾಪಾರಿಗಳ ಸಭೆ ಅದು. ಅಲ್ಲಿಂದ ಹೊರಟ ಕೆಲಸವೂ ಸಣ್ಣದೇ: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಚಿಲ್ಲರೆ ಅಂಗಡಿಕಾರನಿಗೆ ಇಂಗ್ಲಿಷ್ ಕಲಿಸುವುದು. ಮರುವರ್ಷ ನಾತಾಲ್ ಇಂಡಿಯನ್ ಕಾಂಗ್ರೆಸ್ಸಿನ ಕಾರ್ಯದರ್ಶಿಯಾದರು. ಅಷ್ಟಾದರೂ ಅಳುಕು ತೀರಲಿಲ್ಲ. 1896ರಲ್ಲಿ ಮುಂಬಯಿಯ ಸಾರ್ವಜನಿಕ ಸಭೆಯಲ್ಲಿ ಅವರ ಧ್ವನಿ ನಡುಗಿತು. ಭಾಷಣವನ್ನು ದಿನ್‌ಶಾ ವಾಚ್ಛಾ ಓದಿ ಮುಗಿಸಬೇಕಾಯಿತು. 1924ರಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠವನ್ನೇರಿದವರೂ ಅವರೇ. ಭಯ ಅಳಿಯಲೆಂದು ಅವರು ಕಾದು ಕುಳಿತಿದ್ದರೆ ಆ ಪೀಠ ದೂರವೇ ಉಳಿಯುತ್ತಿತ್ತು.

ತರುಣರನ್ನಷ್ಟೇ ದೂರಿ ಫಲವಿಲ್ಲ. ಹಲವು ವರ್ಷ ಒಂದೇ ಹುದ್ದೆಯಲ್ಲಿರುವ ಹಿರಿಯರು "ಯಾರೂ ಮುಂದೆ ಬರುವುದಿಲ್ಲ" ಎಂದು ಕೊರಗುತ್ತಾರೆ. ಮುಂದೆ ಬಂದವರ ಅಲ್ಪಪ್ರಾಣ ಮಹಾಪ್ರಾಣಗಳನ್ನು ತುಂಬಿದ ಸಭೆಯಲ್ಲೇ ತಿದ್ದುವವರೂ ಕೆಲವೊಮ್ಮೆ ಅವರೇ! ಹಾಗೆ ತಿದ್ದಿಸಿಕೊಂಡವರು ಮತ್ತೊಮ್ಮೆ ಮೈಕಿನ ಮುಂದೆ ನಿಲ್ಲುವುದು ಕಷ್ಟ.

ಅಳುಕು ಹೆಚ್ಚಿ ನಿದ್ರೆ ಕೆಡುತ್ತಿದ್ದರೆ, ನಿತ್ಯದ ಉದ್ಯೋಗಕ್ಕೇ ಅಡ್ಡಿಯಾಗುತ್ತಿದ್ದರೆ ಮನೋವೈದ್ಯರನ್ನು ಕಾಣುವುದು ಉಚಿತ; ಅದಕ್ಕೆ ಚಿಕಿತ್ಸೆಯುಂಟು, ಹಂತಹಂತವಾಗಿ ಸಂದರ್ಭವನ್ನು ಎದುರಿಸುವ ಅಭ್ಯಾಸ ಆ ಚಿಕಿತ್ಸೆಯ ಮುಖ್ಯ ಭಾಗ. ಉಳಿದವರಿಗೆ ಸಂಘವೇ ಆ ಅಭ್ಯಾಸದ ಅಂಗಳವಾಗಬಹುದು. ಬರುವ ರಾಜ್ಯೋತ್ಸವದ ವಂದನಾರ್ಪಣೆಯನ್ನು ಇದುವರೆಗೆ ವೇದಿಕೆ ಹತ್ತದವರೊಬ್ಬರಿಗೆ ವಹಿಸಲಿ. ಚೀಟಿಯಲ್ಲಿ ಬರೆದುಕೊಂಡು ಓದಿದರೂ ಸರಿಯೆ.